ಡಬ್ಬಿಗೆಷ್ಟು, ಗ್ರಾಂಗೆಷ್ಟು?

ಮುಖಕ್ಕೆ ಹಚ್ಚುವ ದುಬಾರಿ ಮಾಯಿಶ್ಚರೈಸರಿನ ಬೆಲೆಯಲ್ಲಿ ದೊಡ್ಡ ಪಾಲು ಒಳಗಿನ ಕ್ರೀಮಿನದಲ್ಲ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಡಬ್ಬಿ, ಮುಚ್ಚಳ ತಯಾರಿಸುವ ಗಾಳಾ (ಸಣ್ಣ ಕಾರ್ಖಾನೆ) ಒಂದರಲ್ಲಿ ಲೆಕ್ಕ ಬರೆಯುವ ನನಗೆ ಇದು ಬಿಲ್ಲುಗಳಲ್ಲೇ ಕಾಣುತ್ತದೆ. ದಪ್ಪ ಅಕ್ರಿಲಿಕ್ ಡಬ್ಬಿಯನ್ನು ಬಿಚ್ಚಿದರೆ ಒಳಗೆ ಇನ್ನೊಂದು ಪುಟ್ಟ ಬಟ್ಟಲು. ಎರಡರ ನಡುವೆ ಬರೀ ಖಾಲಿ ಜಾಗ. ತಳವನ್ನು ಬೇಕೆಂದೇ ದಪ್ಪ ಮಾಡಿರುತ್ತಾರೆ, ಕೈಗೆತ್ತಿಕೊಂಡಾಗ ತೂಕ ಅನ್ನಿಸಲಿ ಎಂದು. ನೋಡಿದರೆ ನೂರು ಗ್ರಾಂ ಹಿಡಿಸೀತು ಅನ್ನಿಸುವ ಡಬ್ಬಿಯಲ್ಲಿ ಇರುವುದು ಐವತ್ತೇ. ಅದರ ಮೇಲೆ ಚಿನ್ನದ ಬಣ್ಣದ ಫಾಯಿಲ್ ಅಚ್ಚು, ಗಟ್ಟಿ ರಟ್ಟಿನ ಪೆಟ್ಟಿಗೆ, ಪುಟ್ಟ ಪ್ಲಾಸ್ಟಿಕ್ ಚಮಚ. ಆಮೇಲೆ ಮಾಲಿನ ಬಾಡಿಗೆ, ಜಾಹೀರಾತು, ಮಾರಾಟಗಾರರ ಕಮಿಷನ್.

1962ರಲ್ಲಿ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ ಎಂಐಡಿಸಿ ಕೆಲಸ ಶುರುಮಾಡಿದ್ದು ಇದೇ ವಾಗ್ಳೆ ಎಸ್ಟೇಟಿನಿಂದ. ಅಂದಿನ ಎಷ್ಟೋ ಶೆಡ್ಡುಗಳ ಜಾಗದಲ್ಲಿ ಇಂದು ಗಾಜಿನ ಐಟಿ ಕಟ್ಟಡಗಳು ನಿಂತಿವೆ. ಡೊಂಬಿವಲಿಯಲ್ಲಿರುವ ನನ್ನ ಅಣ್ಣನ ಮಗಳು ಅಂಥದೇ ಒಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಹೊಸ ಸಂಬಳ, ದಿನವಿಡೀ ಏಸಿ, ಎಳೆದು ಹಿಡಿದಂತಾಗುವ ಕೆನ್ನೆ. ₹5,900ರ ಡಬ್ಬಿಯ ಚಿತ್ರ ತೋರಿಸಿ, “ಅತ್ತೆ, ಇಷ್ಟು ದುಡ್ಡು ತಗೋತಾರೆ ಅಂದ್ರೆ ಏನಾದ್ರೂ ವಿಶೇಷ ಇರಲೇಬೇಕಲ್ಲ?” ಎಂದಳು. ನ್ಯಾಯವಾದ ಪ್ರಶ್ನೆ. ಇಬ್ಬರೂ ಕೂತು ಲೆಕ್ಕ ಹಾಕಿದೆವು.

5,900ರಲ್ಲಿ 900 ರೂಪಾಯಿ ಶೇ 18ರ ಜಿಎಸ್‌ಟಿ. ತೂಕ 50 ಗ್ರಾಂ, ಅಂದರೆ ಗ್ರಾಂಗೆ ₹118. ಬೆಳಿಗ್ಗೆ ಅರ್ಧ ಗ್ರಾಂ, ರಾತ್ರಿ ಅರ್ಧ ಗ್ರಾಂ ಹಚ್ಚಿದರೆ ದಿನಕ್ಕೆ ₹118, ವರ್ಷಕ್ಕೆ ₹43,070. ಮೆಡಿಕಲ್ ಸ್ಟೋರಿನಲ್ಲಿ ಸಿಗುವಂಥ, 100 ಗ್ರಾಮಿಗೆ ₹350ರ ಆಸುಪಾಸಿನ ಕ್ರೀಮಾದರೆ ಗ್ರಾಂಗೆ ಮೂರೂವರೆ ರೂಪಾಯಿ, ವರ್ಷಕ್ಕೆ ₹1,300ರ ಒಳಗೇ. ತಿಂಗಳಿಗೆ ಸುಮಾರು ₹3,480 ವ್ಯತ್ಯಾಸ. ಅದನ್ನೇ ಅಂಚೆ ಕಚೇರಿಯ ಆರ್‌ಡಿಯಲ್ಲಿ ಶೇ 6.7ರ ಬಡ್ಡಿಗೆ ಕಟ್ಟುತ್ತಾ ಹೋದರೆ ಐದು ವರ್ಷಕ್ಕೆ ಹತ್ತಿರಹತ್ತಿರ ₹2.48 ಲಕ್ಷ. ಈ ಅಂಕಿ ಕಂಡು ಹುಡುಗಿ ಸುಮ್ಮನಾದಳು. ಅಂದಹಾಗೆ, ಗ್ರಾಂ ಲೆಕ್ಕವನ್ನು ನೀವೇ ಹಾಕಬೇಕೆಂದಿಲ್ಲ. 2021ರಲ್ಲಿ ತಿದ್ದುಪಡಿಯಾದ ಪೊಟ್ಟಣದ ನಿಯಮದಂತೆ ಎಂಆರ್‌ಪಿಯ ಜೊತೆ ‘ಯೂನಿಟ್ ಸೇಲ್ ಪ್ರೈಸ್’ ಕೂಡ ಅಚ್ಚಾಗಿರಬೇಕು. ಸಣ್ಣ ಅಕ್ಷರದಲ್ಲಿರುತ್ತದೆ, ಹುಡುಕಿ ಓದಿ.

ಇನ್ನು ವಿಶೇಷದ ಮಾತು. ಮಾಯಿಶ್ಚರೈಸರ್ ಮಾಡುವ ಕೆಲಸ ಇಷ್ಟೇ: ನೀರನ್ನು ಹಿಡಿದಿಡುವುದು, ಒರಟನ್ನು ಮೆದು ಮಾಡುವುದು, ಇರುವ ತೇವ ಆರಿಹೋಗದಂತೆ ಮೇಲೆ ತೆಳು ಪದರ ಹಾಸುವುದು. ಹಿಡಿದಿಡಲು ಗ್ಲಿಸರಿನ್, ಪದರಕ್ಕೆ ಪೆಟ್ರೊಲೇಟಂ ಅಥವಾ ಡೈಮೆಥಿಕೋನ್. ಪೆಟ್ರೊಲೇಟಂ ಅಂದರೆ 1872ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ವ್ಯಾಸಲಿನ್ನೇ. ತೇವ ಉಳಿಸುವುದರಲ್ಲಿ ಅದನ್ನು ಮೀರಿಸುವುದು ಇಂದಿಗೂ ಕಷ್ಟ. ಜಗತ್ತಿನ ಹೆಸರುವಾಸಿ ದುಬಾರಿ ಕ್ರೀಮು ‘ಕ್ರೆಮ್ ಡ ಲಾ ಮೆರ್’ನ ಪದಾರ್ಥಗಳ ಪಟ್ಟಿಯಲ್ಲೂ ಕಡಲಪಾಚಿಯ ಸಾರದ ಬೆನ್ನಿಗೇ ಮಿನರಲ್ ಆಯಿಲ್, ಪೆಟ್ರೊಲೇಟಂ, ಗ್ಲಿಸರಿನ್ ಬರುತ್ತವೆ.

ಪಟ್ಟಿ ಓದಲು ಒಂದು ಉಪಾಯವಿದೆ. ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಗೆ ಬರೆಯುತ್ತಾರೆ. ಶೇ 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಹೇಗೆ ಬೇಕಾದರೂ ಬರೆಯಬಹುದು. ಕೆಡದಂತೆ ಹಾಕುವ ಫಿನಾಕ್ಸಿಎಥನಾಲ್‌ಗೆ ಇರುವ ಮಿತಿ ಶೇ 1. ಆದ್ದರಿಂದ ಅದರ ನಂತರ ಬಂದ ಕೇಸರಿ, ಮುತ್ತು, ಅಪರೂಪದ ಹೂವು ಎಲ್ಲವೂ ಹೆಚ್ಚೆಂದರೆ ಅಷ್ಟೇ. ಡಬ್ಬಿಯ ಮುಂಭಾಗದಲ್ಲಿ ದೊಡ್ಡದಾಗಿ ಮೆರೆಯುವ ಹೆಸರು ಹಿಂಭಾಗದಲ್ಲಿ ಎಲ್ಲಿದೆ ನೋಡಿ. ‘ಮಾರಾಟ ಮಾಡುವವರು’, ‘ತಯಾರಿಸಿದವರು’ ಎಂಬ ಸಾಲುಗಳನ್ನೂ ಓದಿ. ಎಷ್ಟೋ ಬ್ರ್ಯಾಂಡುಗಳಿಗೆ ಸ್ವಂತ ಕಾರ್ಖಾನೆಯೇ ಇರುವುದಿಲ್ಲ, ಬೇರೆಯವರಿಂದ ಮಾಡಿಸಿ ತಮ್ಮ ಹೆಸರು ಹಾಕುತ್ತವೆ. ಒಂದೇ ಕಾರ್ಖಾನೆಯಾದರೆ ಒಂದೇ ಕ್ರೀಮೆಂದಲ್ಲ, ಫಾರ್ಮುಲಾ ಬೇರೆ ಇರಬಹುದು. ಆದರೆ ಆ ವ್ಯತ್ಯಾಸ ಪಟ್ಟಿಯಲ್ಲಿ ಕಾಣಬೇಕು.

ಹಾಗಂತ ಅಗ್ಗದ್ದೆಲ್ಲ ಒಳ್ಳೆಯದು ಎನ್ನಲಾರೆ. ಸೆರಮೈಡ್, ನಯಾಸಿನಮೈಡ್ ಸೇರಿದ, ಸುವಾಸನೆ ಹಾಕದ ಕ್ರೀಮಿಗೆ ಸ್ವಲ್ಪ ಹೆಚ್ಚು ಕೊಡುವುದು ನನಗೆ ಒಪ್ಪಿಗೆ, ಅದರಲ್ಲೂ ಚರ್ಮ ಬೇಗ ಕೆಂಪಾಗುವವರಿಗೆ. ರೆಟಿನಾಲ್, ವಿಟಮಿನ್ ಸಿ ಇದ್ದರೆ ಬಾಯಗಲದ ಡಬ್ಬಿ ಬೇಡ. ಗಾಳಿ, ಬೆಳಕು ತಾಕಿ ಅವು ಶಕ್ತಿ ಕಳೆದುಕೊಳ್ಳುತ್ತವೆ. ಟ್ಯೂಬು ಅಥವಾ ಪಂಪಿಗೆ ಹೆಚ್ಚು ತೆತ್ತರೆ ಅದು ದಂಡವಲ್ಲ. ಪರಿಮಳ, ಹಚ್ಚಿಕೊಂಡಾಗಿನ ನಯ ಇಷ್ಟವಾಗಿ ಕೊಳ್ಳುವವರು ಕೊಳ್ಳಲಿ. ಆದರೆ ಅದನ್ನು ಸಿನಿಮಾ, ಹೋಟೆಲಿನ ಖರ್ಚಿನ ಸಾಲಿಗೆ ಬರೆದುಕೊಳ್ಳಿ, ಔಷಧದ ಸಾಲಿಗಲ್ಲ.

ನಮ್ಮ ಹವೆಯನ್ನೂ ಮರೆಯಬಾರದು. ವಿಜಯಪುರದ ಡಿಸೆಂಬರಿನಲ್ಲಿ ಬೇಕಾಗುವ ಗಟ್ಟಿ ಕ್ರೀಮು ಠಾಣೆಯ ಜುಲೈಯಲ್ಲಿ ಮುಖದ ಮೇಲೆ ಜಿಡ್ಡಾಗಿ ಕೂರುತ್ತದೆ. ಅಣ್ಣನ ಮಗಳಿಗೆ ಕೊನೆಗೆ ನಾನು ಬರೆದುಕೊಟ್ಟದ್ದು ಹೀಗೆ: ಏಸಿಗೆಂದು ತೆಳುವಾದ ಗ್ಲಿಸರಿನ್ ಲೋಶನ್ನು, ಅದಕ್ಕಿಂತ ಹೆಚ್ಚಿನ ದುಡ್ಡಿಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನು. ಚರ್ಮ ಮುದುಡುವುದಕ್ಕೂ ಕಲೆಗೂ ಬಿಸಿಲೇ ದೊಡ್ಡ ಕಾರಣ. ಕೆನ್ನೆಯ ಬಿಗಿತ ಆಮೇಲೂ ಹೋಗದಿದ್ದರೆ ಮುಂದಿನ ದುಡ್ಡು ಚರ್ಮದ ಡಾಕ್ಟರ ಫೀಸಿಗೆ, ಇನ್ನೊಂದು ಡಬ್ಬಿಗಲ್ಲ.