ದುರ್ಲಯವು ಶಮನವಾಗುವ ಬಗೆ

ಪ್ರಶ್ನೆ: ಹಿಂದೊಮ್ಮೆ ಹೃದಯಾಘಾತವಾಗಿದ್ದ ನಮ್ಮ ತಂದೆಯವರ ಎದೆಯಲ್ಲಿ, ತಪ್ಪಿದ ಬಡಿತವನ್ನು ಸರಿಪಡಿಸುವ ಐ.ಸಿ.ಡಿ. ಯಂತ್ರವನ್ನಿರಿಸಿದ್ದಾರೆ. ಘಾಟಿ ಜಾತ್ರೆಯಿಂದ ಮರಳಿದ ಸಂಜೆ ಒಮ್ಮೆ ಷಾಕ್ ತಗುಲಿತು. ಯಂತ್ರವನ್ನು ಪರೀಕ್ಷಿಸಿದ ವೈದ್ಯರು, ಅದಕ್ಕೂ ಮುನ್ನ ನಾಲ್ಕು ಸಲ ಷಾಕ್ ಇಲ್ಲದೆಯೇ ಬಡಿತ ಸರಿಹೋಗಿತ್ತೆಂದೂ, ಷಾಕ್ ಆದ ಮೇಲೂ ಮೂರು ಬಡಿತ ತಪ್ಪಾಗಿಯೇ ಇದ್ದುವೆಂದೂ ಹೇಳಿದರು. ಯಂತ್ರ ಸೋತಿತೇ? ಷಾಕ್ ಆಗುವಾಗ ಅವರನ್ನು ಮುಟ್ಟಬಹುದೇ?
— ಓದುಗರು, ತೂಬಗೆರೆ

ಉತ್ತರ: ಯಂತ್ರ ಸೋತಿಲ್ಲ, ಆ ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ಹೃದಯಾಘಾತವು ಸ್ನಾಯುವಿನಲ್ಲಿ ಉಳಿಸಿಹೋದ ಕಲೆಯ ಸುತ್ತ, ಕಣದಲ್ಲಿ ಮೇಟಿಯನ್ನು ಬಳಸುವ ಎತ್ತುಗಳಂತೆ, ವಿದ್ಯುತ್ತರಂಗವೊಂದು ಎಡೆಬಿಡದೆ ಸುತ್ತತೊಡಗಿದಾಗ ಹೃದಯದ ಕೆಳಕೋಣೆಗಳು ನಿಮಿಷಕ್ಕೆ ನೂರೈವತ್ತು, ಇನ್ನೂರು ಸಲ ಬಡಿಯುವುವು; ಇದೇ ದುರ್ಲಯ. ಮುಂದಿನ ಹೆಜ್ಜೆಗೆ ತೆರಪಿರುವವರೆಗೂ ಆ ಸುತ್ತು ನಿಲ್ಲದು. ಯಂತ್ರವು ಆ ವೇಗಕ್ಕಿಂತ ತುಸು ಬೇಗನೆ ಎಂಟು ಹತ್ತು ಸಣ್ಣ ಮಿಡಿತಗಳನ್ನು ಕಳುಹಿ, ತರಂಗವು ಮುಟ್ಟಬೇಕಾದ ಸ್ನಾಯುವನ್ನು ತಾನೇ ಮುಂದಾಗಿ ಪ್ರಚೋದಿಸುತ್ತದೆ. ಒಮ್ಮೆ ಪ್ರಚೋದಿತವಾದ ಸ್ನಾಯು ಕ್ಷಣಕಾಲ ಮತ್ತೊಂದಕ್ಕೆ ಓಗೊಡದಾದ್ದರಿಂದ, ತರಂಗವು ದಾರಿಗಾಣದೆ ಅಲ್ಲಿಯೇ ಅಳಿಯುತ್ತದೆ. ಇದರಲ್ಲಿ ನೋವಿಲ್ಲ. ತಂದೆಯವರ ಆ ನಾಲ್ಕು ಪ್ರಸಂಗಗಳು ಹೀಗೆ ಮುಗಿದಿರಬೇಕು. ಕೆಲವು ಸಲ ದುರ್ಲಯವು ಯಾವ ಚಿಕಿತ್ಸೆಯೂ ಇಲ್ಲದೆ ತಾನೇ ಅಡಗುವುದೂ ಉಂಟು.

ತನ್ನ ಗುರುವನ್ನು ಇಂತಹ ದುರ್ಲಯಕ್ಕೇ ಕಳೆದುಕೊಂಡ ಮಿಷೆಲ್ ಮಿರೋವ್ಸ್ಕಿ ಎಂಬ ವೈದ್ಯ ವರ್ಷಗಟ್ಟಲೆ ಶ್ರಮಿಸಿ ರೂಪಿಸಿದ, 1980ರ ಫೆಬ್ರವರಿಯಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪ್ರಥಮವಾಗಿ ಮಾನವದೇಹದಲ್ಲಿರಿಸಿದ ಯಂತ್ರವು ಷಾಕ್ ಒಂದನ್ನೇ ಬಲ್ಲುದಾಗಿತ್ತು. ಇಂದು ಷಾಕ್ ಕಡೆಯ ಅಸ್ತ್ರ. ಅದು ಸ್ನಾಯುರಾಶಿಯನ್ನು ಏಕಕಾಲಕ್ಕೆ ಪ್ರಚೋದಿಸಿ ದಾರಿತಪ್ಪಿದ ತರಂಗಗಳನ್ನೆಲ್ಲ ಅಳಿಸುತ್ತದೆ. ಬಳಿಕ ಲಯವನ್ನು ಮರಳಿ ಹಿಡಿಯುವುದು ಹೃದಯದ ಸಹಜ ಗತಿನಿಯಾಮಕವೇ ಹೊರತು ಯಂತ್ರವಲ್ಲ. ಬಹುಮಟ್ಟಿಗೆ ಈ ಪಲ್ಲಟವು ತತ್‌ಕ್ಷಣವೇ ಆಗುವುದು. ಒಮ್ಮೊಮ್ಮೆ ಮೂರು ನಾಲ್ಕು ಅಪಬಡಿತಗಳು ಮುಂದುವರಿದು ಅನಂತರ ನಿಲ್ಲುವುವು. ಯಂತ್ರವೂ ಅಷ್ಟು ಹೊತ್ತು ಕಾದು ನೋಡಿ, ಲಯವು ಮರಳಿದೆಯೆಂದು ಕಂಡಮೇಲೆ ಸುಮ್ಮನಾಗುವುದು.

ಮುಟ್ಟಲು ಅಂಜಬೇಡಿರಿ, ಕೈಗೆ ಸಣ್ಣ ಜುಮುಗುಟ್ಟುವಿಕೆ ತೋರಬಹುದು, ಅಪಾಯವಿಲ್ಲ. ಆದರೆ ಕಲೆಯು ಉಳಿದೇ ಇರುವುದರಿಂದ ಮಾತ್ರೆಗಳನ್ನು ಬಿಡಕೂಡದು. ಒಂದು ಷಾಕ್ ಆಗಿ ಆರಾಮವಾಗಿದ್ದರೆ ಅಂದೇ ವೈದ್ಯರಿಗೆ ತಿಳಿಸಿರಿ. ಒಂದೇ ದಿನದಲ್ಲಿ ಎರಡಾದರೆ, ಇಲ್ಲವೇ ಎದೆನೋವು, ತಲೆಸುತ್ತು ತೋರಿದರೆ, 108ಕ್ಕೆ ಕರೆಮಾಡಿರಿ. ಪ್ರಜ್ಞೆತಪ್ಪಿ ಉಸಿರಾಡದಿದ್ದರೆ, ಒಳಗೆ ಯಂತ್ರವಿದೆಯೆಂದು ಹಿಂಜರಿಯದೆ ಎದೆಯ ನಡುವೆ ಬಲವಾಗಿ ಒತ್ತತೊಡಗಿರಿ.