ಯುದ್ಧಭೂಮಿಯಿಂದ ಮನೆಗೆ ಬಂದ ಬಾವುಟ: ಅಸಲಿ ಯಾವುದು, ನಕಲಿ ಯಾವುದು? – ಮುಖ್ಯಾಂಶಗಳು

ಮೊದಲು ಪ್ರಶ್ನೆಯನ್ನೇ ಬಿಡಿಸಿಕೊಳ್ಳಿ
ಎರಡನೇ ಮಹಾಯುದ್ಧ ಮುಗಿಸಿ ಪೆಸಿಫಿಕ್ ದ್ವೀಪಗಳಿಂದ ಊರಿಗೆ ಮರಳಿದ ಅಮೆರಿಕದ ಸೈನಿಕರ ಚೀಲಗಳಲ್ಲಿ ಜಪಾನೀ ಬಾವುಟಗಳು ಬಂದವು. ಇವತ್ತು ಅವು ಅಟ್ಟದ ಪೆಟ್ಟಿಗೆಯಿಂದ ಹರಾಜಿನ ಮೇಜಿಗೆ ಇಳಿಯುತ್ತಿವೆ. ‘ಇದು ಅಸಲಿಯೇ?’ ಎಂದು ಕೇಳಿದರೆ ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳಿದಂತೆ. ಬಟ್ಟೆ 1945ಕ್ಕಿಂತ ಹಿಂದಿನದೇ? ಅದು ಜಪಾನೀ ಸೈನಿಕನೊಬ್ಬನ ಬಳಿ ಇದ್ದದ್ದೇ? ಇಂಥ ಯೋಧನೇ ಅದನ್ನು ರಣರಂಗದಿಂದ ತಂದನೇ? ಉತ್ತರ ಬರೆಯುವಾಗ ಈ ಮೂರನ್ನೂ ಬೇರೆಬೇರೆಯಾಗಿಯೇ ಇಡಿ. ಒಂದಕ್ಕೆ ಸಿಕ್ಕ ಪುರಾವೆ ಇನ್ನೊಂದಕ್ಕೆ ಸಾಲದು.

ಯೊಸೆಗಾಕಿ ಹಿನೊಮಾರು
‘ಹಿನೊಮಾರು’ ಎಂದರೆ ಸೂರ್ಯಬಿಂಬದ ಧ್ವಜ. ‘ಯೊಸೆಗಾಕಿ’ ಎಂದರೆ ಹಲವರು ಕೂಡಿ ಬರೆದದ್ದು. ಸೈನ್ಯಕ್ಕೆ ಹೊರಟವನಿಗೆ ಮನೆಯವರು, ನೆರೆಹೊರೆಯವರು, ಸಹಪಾಠಿಗಳು, ಕಾರ್ಖಾನೆಯ ಜೊತೆಗಾರರು ಬಿಳಿ ಭಾಗದಲ್ಲಿ ಹೆಸರು, ಹಾರೈಕೆ ಬರೆದು ಕೊಡುತ್ತಿದ್ದರು. ಅವನು ಅದನ್ನು ಮಡಿಸಿ ಸಮವಸ್ತ್ರದೊಳಗೆ ಇಟ್ಟುಕೊಳ್ಳುತ್ತಿದ್ದ. ಮೈಗೆ ಅಂಟಿಕೊಂಡೇ ಇರುತ್ತಿದ್ದ ವಸ್ತುವಾದ್ದರಿಂದ ಹೆಣದಿಂದ ತೆಗೆಯುವವರಿಗೂ ಸುಲಭವಾಗಿ ಸಿಕ್ಕಿತು.

ಇದರಲ್ಲಿ ಗುರುತಿಡಬೇಕಾದವು: ಎದ್ದು ಕಾಣುವ ‘ಬುಉನ್ ಚೋಕ್ಯೂ’ ಎಂಬ ನಾಲ್ಕಕ್ಷರದ ಹಾರೈಕೆ (ಯುದ್ಧದಲ್ಲಿ ಅದೃಷ್ಟ ಬಹುಕಾಲ ಇರಲಿ ಎಂಬರ್ಥ), ಪಡೆಯುವವನ ಹೆಸರು, ಅದರ ಹಿಂದೆ ‘ಕುನ್’ ಎಂಬ ಸಂಬೋಧನೆ, ಕೆಲವದರಲ್ಲಿ ದೇಗುಲದ ಕೆಂಪು ಮುದ್ರೆ, ಕೆಲವದರಲ್ಲಿ ಹುಲಿಯ ಚಿತ್ರ. ಹುಲಿ ಸಾವಿರ ಹರಿದಾರಿ ಹೋದರೂ ಮರಳಿ ಬರುತ್ತದೆಂಬುದು ಅಲ್ಲಿನ ನಂಬಿಕೆ.

ಸೆನ್ನಿನ್‌ಬಾರಿ (ಇದರೊಂದಿಗೆ ಗೊಂದಲ ಬೇಡ)
ಬಾವುಟವಲ್ಲ, ಸೊಂಟಪಟ್ಟಿ. ಸಾವಿರ ಹೆಂಗಸರು ತಲಾ ಒಂದು ಗಂಟುಹೊಲಿಗೆ ಹಾಕಿದ್ದು. ಹುಲಿವರ್ಷದಲ್ಲಿ ಹುಟ್ಟಿದವಳಿಗೆ ಮಾತ್ರ ತನ್ನ ವಯಸ್ಸಿನಷ್ಟು ಹೊಲಿಗೆ ಹಾಕುವ ರಿಯಾಯಿತಿ. ಕೆಲವು ಪಟ್ಟಿಗಳಿಗೆ ಐದು ಸೆನ್, ಹತ್ತು ಸೆನ್ ನಾಣ್ಯ ಹೊಲಿದಿರುತ್ತಿದ್ದವು. ನಾಲ್ಕು ಸೆನ್ನಿನ ಉಚ್ಚಾರ ‘ಸಾವಿನ ಗೆರೆ’ಯಂತೆ, ಒಂಬತ್ತು ಸೆನ್ನಿನದು ‘ಕಷ್ಟದ ಕಾಳಗ’ದಂತೆ ಕೇಳಿಸುವುದರಿಂದ, ಎರಡನ್ನೂ ಒಂದೊಂದು ಸೆನ್ನಿನಿಂದ ದಾಟುವ ಉಪಾಯ.

ಅಳತೆ: ಪರೀಕ್ಷಕರಿಗೆ ಇಷ್ಟ, ಪರಿಶೀಲಕರಿಗೆ ಅಷ್ಟಾಗಿ ನೆರವಿಲ್ಲ
1870ರ ಘೋಷಣೆ: ಅನುಪಾತ 7:10, ಬಿಂಬ ಕಂಬದ ಕಡೆಗೆ ನೂರರಲ್ಲೊಂದು ಪಾಲು ಸರಿದಿರಬೇಕು. 1999ರ ಆಗಸ್ಟ್ 13ರ ಕಾನೂನು: ಅನುಪಾತ 2:3, ಬಿಂಬ ನಟ್ಟನಡುವೆ. ಎರಡರಲ್ಲೂ ಬಿಂಬದ ವ್ಯಾಸ ಎತ್ತರದ ಐದರಲ್ಲಿ ಮೂರು ಪಾಲು. ಆದರೆ ಹೊರಡುವ ಹುಡುಗನಿಗೆ ಕೊಟ್ಟ ಬಾವುಟ ಅಂಗಡಿಯಲ್ಲಿ ಕೊಂಡದ್ದು ಅಥವಾ ಮನೆಯಲ್ಲೇ ಹೊಲಿದದ್ದು. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವಾಗ ನೂಲು, ಬಣ್ಣ, ಗಾತ್ರ ಎಲ್ಲಕ್ಕೂ ಬಿಐಎಸ್ ಮಾನದಂಡ ಇರುತ್ತದಲ್ಲ, ಅಂಥ ಕಟ್ಟುಪಾಡು ಅಲ್ಲಿರಲಿಲ್ಲ. ಅನುಪಾತ ತಪ್ಪಿದೆ ಎಂದು ಯಾವ ಬಾವುಟವನ್ನೂ ತಳ್ಳಿಹಾಕಬೇಡಿ.

ಬಟ್ಟೆ ಏನು ಹೇಳುತ್ತದೆ
ರೇಷ್ಮೆ, ಹತ್ತಿ, ರೇಯಾನ್ ಮೂರೂ ಆ ಕಾಲದವೇ. ಕಟ್ಟುವ ದಾರವಿರುವ ಮೂಲೆಗಳಿಗೆ ಹಲವದರಲ್ಲಿ ತೊಗಲಿನ ತ್ರಿಕೋನ ತುಂಡು ಹೊಲಿದಿರುತ್ತದೆ. ಪಾಲಿಯೆಸ್ಟರ್ ಕಂಡರೆ ಮಾತು ಮುಗಿಯಿತು: ಅದನ್ನು 1941ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದರು, ಬಟ್ಟೆಯಾಗಿ ಪೇಟೆಗೆ ಬಂದದ್ದು 1950ರ ದಶಕದಲ್ಲಿ. ಅಂಚಿನ ಹೊಲಿಗೆ ದಾರಕ್ಕೂ ಇದೇ ಮಾತು.

ನೇರಳಾತೀತ ದೀಪದ ಪರೀಕ್ಷೆ ಎಲ್ಲರ ಬಾಯಲ್ಲೂ ಇದೆ. ಬಟ್ಟೆಯನ್ನು ಬೆಳ್ಳಗೆ ಕಾಣಿಸುವ ಹೊಳಪುಕಾರಕ ರಾಸಾಯನಿಕಗಳು ಆ ಬೆಳಕಿನಲ್ಲಿ ನೀಲಿಯಾಗಿ ಮಿನುಗುತ್ತವೆ. ಯುದ್ಧದ ನಂತರವೇ ಅವು ಬಟ್ಟೆಯಲ್ಲೂ ಸೋಪಿನ ಪುಡಿಯಲ್ಲೂ ಹರಡಿದ್ದು. ಆದರೆ ಯೋಧನ ಮಡದಿ 1970ರಲ್ಲಿ ಬಾವುಟವನ್ನು ಸೋಪಿನ ಪುಡಿಯಲ್ಲಿ ನೆನೆಹಾಕಿ ಒಗೆದಿದ್ದರೆ ಅಸಲಿಯೂ ಮಿನುಗುತ್ತದೆ. ಮಿನುಗದ್ದು ಅಸಲಿ ಎಂಬ ಖಾತರಿಯೂ ಇಲ್ಲ. ಹಳೆಯ ಹತ್ತಿಬಟ್ಟೆ ಇಂದಿಗೂ ಸಿಗುತ್ತದೆ. ಎಳೆ ಸುಟ್ಟು ನೋಡುವವರೂ ಇದ್ದಾರೆ. ಸಂಗ್ರಹಾಲಯದಲ್ಲಿ ಹಾಗೆ ಮಾಡಬಾರದು, ಸೂಕ್ಷ್ಮದರ್ಶಕ ಸಾಕು.

ಕಲೆಗಳು: ಟೀ ಡಿಕಾಕ್ಷನ್ನಿನಲ್ಲಿ ಅದ್ದಿದ ಬಟ್ಟೆ ಎಲ್ಲ ಕಡೆ ಒಂದೇ ಸಮ ಕಂದಿರುತ್ತದೆ. ನಿಜವಾದ ಮುಪ್ಪು ಮಡಿಕೆಯ ಗೆರೆ ಹಿಡಿದು, ಅಂಚು ಹಿಡಿದು ಬರುತ್ತದೆ. ಹಳೆಯ ನೆತ್ತರು ಕಂದುಬಣ್ಣಕ್ಕೆ ತಿರುಗಿರುತ್ತದೆ. ಎಂಬತ್ತು ವರ್ಷದ ‘ರಕ್ತ’ ಕೆಂಪಗೆ ಹೊಳೆಯುತ್ತಿದ್ದರೆ ಅದು ಬಣ್ಣದ ಡಬ್ಬಿಯಿಂದ ಬಂದದ್ದು.

ಯುದ್ಧಕಾಲದ್ದೇ ನಕಲಿ
ಈ ಅಂಶವನ್ನು ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ, ತಪ್ಪು. ಕಾಳಗದ ಮುಂಚೂಣಿಗೆ ಹೋಗದ ನಾವಿಕರಿಗೂ ವಿಮಾನದಳದವರಿಗೂ ನೆನಪಿನ ವಸ್ತು ಬೇಕಿತ್ತು. ಅಮೆರಿಕದ ನೌಕಾದಳದ ನಿರ್ಮಾಣ ತುಕಡಿಯವರು, ಸೀಬೀಗಳು, ದ್ವೀಪಗಳಲ್ಲೇ ಕೂತು ಪ್ಯಾರಾಚೂಟ್ ಬಟ್ಟೆಗೆ ಕೆಂಪು ಬಳಿದು, ಅಕ್ಷರದಂಥದ್ದೇನೋ ಗೀಚಿ ಮಾರಿದರು. ಬಟ್ಟೆ ಆ ಕಾಲದ್ದು, ತಂದವನು ನಿಜವಾದ ಯೋಧ, ಅವನು ಹೇಳುವುದರಲ್ಲೂ ಕಪಟವಿಲ್ಲ. ಬಾವುಟ ಮಾತ್ರ ಸುಳ್ಳು. ಮೊದಲ ಪ್ರಶ್ನೆಯಲ್ಲಿ ಗೆದ್ದು ಎರಡನೆಯದರಲ್ಲಿ ಬೀಳುವ ವಸ್ತು ಇದು.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ಹಲವರು ಕೂಡಿ ಧ್ವಜದ ಮೇಲೆ ಹಾರೈಕೆ ಬರೆಯುವ ರೂಢಿ ಜಪಾನಿನಲ್ಲಿ ಇಂದಿಗೂ ಇದೆ, ಕ್ರೀಡಾಪಟುಗಳಿಗೂ ಬರೆದುಕೊಡುತ್ತಾರೆ. ಕೈಬರಹ ಅಪ್ಪಟ ಜಪಾನೀ, ಯುದ್ಧಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಕ್ಷರ: ನನ್ನ ಮಟ್ಟಿಗೆ ಇದೇ ಮುಖ್ಯ ಸಾಕ್ಷಿ
ಐವತ್ತು ಜನ ಬರೆದರೆ ಐವತ್ತು ಕೈ. ಒಬ್ಬ ಕುಂಚ ಒತ್ತಿ ಬರೆದಿರುತ್ತಾನೆ, ಇನ್ನೊಬ್ಬನ ಮಸಿ ನೀರಾಗಿರುತ್ತದೆ, ಮತ್ತೊಬ್ಬ ಜಾಗ ಸಾಲದೆ ಅಂಚಿಗೆ ತುರುಕಿರುತ್ತಾನೆ. ನಕಲಿಯಲ್ಲಿ ಒಂದೇ ಕೈ ಐವತ್ತು ಹೆಸರು ಬರೆಯುತ್ತದೆ. ಓರೆ ಬದಲಾದರೂ ಒತ್ತು ಬದಲಾಗದು. ಮಾರ್ಕರ್ ಪೆನ್ನಿನ ಬರಹವಾದರೆ 1950ರ ದಶಕಕ್ಕಿಂತ ಹಿಂದಿನದಿರುವುದು ಕಷ್ಟ.

- ಬಾವುಟದಲ್ಲಿ ಜಪಾನಿನ ಶೋವಾ ಶಕೆಯ ವರ್ಷ ಇದ್ದರೆ ಅದಕ್ಕೆ 1925 ಕೂಡಿಸಿದರೆ ನಮ್ಮ ಇಸವಿ. ಶೋವಾ 16 ಎಂದರೆ 1941. (ಖಂಡಿತ ಕೇಳುತ್ತಾರೆ.)
- ಸಾಮ್ರಾಜ್ಯ ಶಕೆಯಿಂದ 660 ಕಳೆಯಿರಿ: 2600 ಎಂದರೆ 1940.
- ಲಿಪಿ ಸುಧಾರಣೆ ಶುರುವಾದದ್ದು 1946ರಲ್ಲಿ. ಸರಳ ಅಕ್ಷರರೂಪಗಳು ಅಧಿಕೃತವಾದದ್ದು 1949ರಲ್ಲಿ. ಹಿಂದಿನ ಬಾವುಟದಲ್ಲಿ ಹಳೆಯ, ಗೀಟು ಹೆಚ್ಚಿರುವ ರೂಪಗಳನ್ನು ನಿರೀಕ್ಷಿಸಬಹುದು. ಆದರೆ ಕೈಬರಹದಲ್ಲಿ ಜನ ಮೊದಲೇ ಮೊಟಕು ಮಾಡಿ ಬರೆಯುತ್ತಿದ್ದರು. ಒಂದು ಅಕ್ಷರ ನೋಡಿ ತೀರ್ಪು ಕೊಡಬೇಡಿ.
- ಅಡ್ಡಸಾಲಿನ ಬರಹ ಆಗ ಸಾಮಾನ್ಯವಾಗಿ ಬಲದಿಂದ ಎಡಕ್ಕೆ.
- ‘ಕಾಮಿಕಾಜೆ ಪೈಲಟಿನ ಬಾವುಟ’ ಎಂದು ಮಾರುವವನಿದ್ದರೆ ನೆನಪಿಡಿ: ಆ ಆತ್ಮಾಹುತಿ ದಳಗಳು ಹುಟ್ಟಿದ್ದೇ 1944ರ ಅಕ್ಟೋಬರಿನಲ್ಲಿ. ಹೆಚ್ಚಿನ ಬಾವುಟಗಳು ಸಾಮಾನ್ಯ ರೈತ, ಗುಮಾಸ್ತ, ವಿದ್ಯಾರ್ಥಿಗಳವು.

ರೆಜಿಮೆಂಟ್ ಧ್ವಜ
ಹದಿನಾರು ಕಿರಣಗಳದ್ದು, ಸಾಮ್ರಾಟನೇ ಕೊಡುತ್ತಿದ್ದದ್ದು. ಶತ್ರುವಿನ ಕೈಗೆ ಸಿಗಬಾರದೆಂದು ಸುಡುತ್ತಿದ್ದರು. 1945ರ ಆಗಸ್ಟಿನಲ್ಲಿ ಉಳಿದವನ್ನೂ ಸುಡಲು ಆಜ್ಞೆಯಾಯಿತು. ಇಡಿಯಾಗಿ ಉಳಿದದ್ದು 321ನೇ ಪದಾತಿ ರೆಜಿಮೆಂಟಿನದು. ಟೋಕಿಯೊದ ಯಾಸುಕುನಿ ದೇಗುಲದ ಯೂಶೂಕಾನ್ ಸಂಗ್ರಹಾಲಯದಲ್ಲಿದೆ. ಹರಾಜಿಗೆ ಬಂದ ‘ರೆಜಿಮೆಂಟ್ ಧ್ವಜ’ದ ಬಗ್ಗೆ ಇಷ್ಟು ತಿಳಿದರೆ ಸಾಕು. ನೌಕಾದಳದ ಧ್ವಜ (1889) ಬೇರೆ: ಅದರ ಬಿಂಬ ಕಂಬದ ಕಡೆಗೆ ಸರಿದಿರುತ್ತದೆ.

ಯೋಧನ ಮಾತು, ಕಾಗದ
ವಶಪಡಿಸಿಕೊಂಡ ವಸ್ತುವನ್ನು ಮನೆಗೊಯ್ಯಲು ಮೇಲಧಿಕಾರಿ ಸಹಿ ಹಾಕಿದ ಪತ್ರ ಇದ್ದರೆ ಮೂರನೆಯ ಪ್ರಶ್ನೆಗೆ ಬಲ ಬರುತ್ತದೆ. ಆದರೆ ಪತ್ರದಲ್ಲಿ ‘ಜಪಾನೀ ಬಾವುಟ, ಒಂದು’ ಎಂದಷ್ಟೇ ಇದ್ದರೆ ಅದು ಯಾವ ಬಾವುಟಕ್ಕೂ ಹೊಂದುತ್ತದೆ. ಘಟಕದ ದಿನಚರಿಯೊಂದಿಗೆ ಊರು, ತಿಂಗಳು ತಾಳೆ ನೋಡಬೇಕು. ‘ಕಥೆ ಕೊಳ್ಳಬೇಡ, ವಸ್ತು ಕೊಳ್ಳು’ ಎಂಬುದು ಸಂಗ್ರಾಹಕರ ನಡುವಿನ ಮಾತು.

ಭಾರತದ ಸೈನಿಕರೂ 1944ರಲ್ಲಿ ಇಂಫಾಲ, ಕೊಹಿಮಾಗಳಲ್ಲಿ ಜಪಾನೀಯರನ್ನು ಎದುರಿಸಿದ್ದರು, ಕೊಡಗಿನ ಕೆ.ಎಸ್. ತಿಮ್ಮಯ್ಯ 1945ರಲ್ಲಿ ಬರ್ಮಾದ ಕಾಂಗಾವ್ ಕದನದಲ್ಲಿದ್ದರು. ನಮ್ಮ ಕಡೆಯ ಹಳೆಯ ಟ್ರಂಕುಗಳಲ್ಲೂ ಇಂಥ ಬಟ್ಟೆ ಸಿಕ್ಕರೆ ಅಚ್ಚರಿಯಿಲ್ಲ. ಸಿಕ್ಕರೆ ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ಜೊತೆಗಿರುವ ಪತ್ರವನ್ನು ಬೇರ್ಪಡಿಸಬೇಡಿ.

ಪ್ರಕರಣ: ಹಿಗಾಶಿ ಶಿರಾಕಾವಾ, 2017
ಅಮೆರಿಕದ ಆರೆಗಾನ್ ರಾಜ್ಯದ ಆಸ್ಟೋರಿಯಾದಲ್ಲಿರುವ ಓಬೊನ್ ಸೊಸೈಟಿ ಇಂಥ ಬಾವುಟಗಳ ಬರಹ ಓದಿ, ಕುಟುಂಬ ಹುಡುಕಿ ಮರಳಿಸುತ್ತದೆ. 1944ರಲ್ಲಿ ಸೈಪಾನ್ ದ್ವೀಪದಲ್ಲಿ ಬಿದ್ದಿದ್ದ ಹೆಣದಿಂದ ಮರೀನ್ ಯೋಧನೊಬ್ಬ ತೆಗೆದ ಬಾವುಟದಲ್ಲಿ ಸುಮಾರು 180 ಜನರ ಹೆಸರಿತ್ತು. ಆ ಹೆಸರುಗಳೇ ಗಿಫು ಪ್ರಾಂತ್ಯದ ಚಹಾ ಬೆಳೆಯುವ ಬೆಟ್ಟದ ಹಳ್ಳಿಯನ್ನು ತೋರಿಸಿದವು. ಬಟ್ಟೆಗೆ ಮುಪ್ಪು ಬರಿಸಬಹುದು. ಒಂದು ಹಳ್ಳಿಯ ಹಾಜರಿಪಟ್ಟಿಯನ್ನು ಯಾವ ನಕಲುಗಾರ ಹುಟ್ಟಿಸಿಯಾನು? 2017ರ ಆಗಸ್ಟ್ 15ರಂದು 93 ವರ್ಷದ ಯೋಧ ಖುದ್ದಾಗಿ ಹೋಗಿ ಅದನ್ನು ಸತ್ತವನ 89 ವರ್ಷದ ತಮ್ಮನ ಕೈಗಿಟ್ಟ. ಯುದ್ಧ ಮುಗಿದಾಗ ಸರ್ಕಾರ ಆ ಮನೆಗೆ ಕಳಿಸಿದ್ದು ಒಂದು ಮರದ ಪೆಟ್ಟಿಗೆ, ಅದರೊಳಗೆ ಒಂದಿಷ್ಟು ಕಲ್ಲು. ತಮ್ಮ ಬಾವುಟಕ್ಕೆ ಮುಖ ಒತ್ತಿ ಅದರ ವಾಸನೆ ನೋಡಿದ.