ವರ್ಷ ತುಂಬಿದ ಮಗುವಿಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದಿರಾ?

ಮಗು ಸಪ್ಪಗಿದ್ದರೆ ‘ಹಲ್ಲು ಬರ್ತಿರಬೇಕು’ ಎನ್ನುತ್ತೇವೆ. ಊಟ ಬೇಡವೆಂದರೆ ದೃಷ್ಟಿ ತೆಗೆಯುತ್ತೇವೆ. ರಕ್ತ ಪರೀಕ್ಷೆ ಮಾಡಿಸೋಣ ಎಂದು ಹೊಳೆಯುವುದು ಅಪರೂಪ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇದಕ್ಕೆ ಬಹಳ ಸಾಮಾನ್ಯವಾದ ಕಾರಣ ಕಬ್ಬಿಣಾಂಶದ ಕೊರತೆ. ಮಿದುಳು ಭರದಿಂದ ಬೆಳೆಯುವ ವಯಸ್ಸಿನಲ್ಲಿ ಈ ಕೊರತೆ ಉಳಿದರೆ ಕಲಿಕೆಗೆ ಬೀಳುವ ಪೆಟ್ಟು ಆಮೇಲೆ ಔಷಧಿ ಕೊಟ್ಟರೂ ಪೂರ್ತಿ ಸರಿಹೋಗದಿರಬಹುದು. ಅಂಗೈ, ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವವರೆಗೆ ಕಾಯಲೇಬೇಡಿ. ಸೌಮ್ಯ ರಕ್ತಹೀನತೆ ಬರಿಗಣ್ಣಿಗೆ ಕಾಣುವುದಿಲ್ಲ.

ಹುಟ್ಟುವಾಗ ಮಗುವಿನ ಮೈಯಲ್ಲಿರುವ ಕಬ್ಬಿಣಾಂಶದ ದಾಸ್ತಾನು ಸುಮಾರು ಆರು ತಿಂಗಳಿಗೆ ಬರಿದಾಗುತ್ತದೆ. ಹಾಗಾಗಿ ವರ್ಷ ತುಂಬುವ ಹೊತ್ತಿಗೆ ಒಮ್ಮೆ ಪರೀಕ್ಷೆ ಮಾಡಿಸಿ. ಅವಧಿಗೆ ಮುಂಚೆ ಹುಟ್ಟಿದ ಅಥವಾ ಹುಟ್ಟುವಾಗ ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಗಿದ ಮಗುವಾದರೆ ಇನ್ನೂ ಮೊದಲೇ ವೈದ್ಯರನ್ನು ಕೇಳಿ. ಊಟ ಬಿಟ್ಟು ಹಸುವಿನ ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಮಗು, ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುವ ಮಗು ಇದ್ದರೆ ತಡಮಾಡಬೇಡಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಮಾಡುತ್ತಾರೆ. ತಾಯಿ ಕಾರ್ಡ್ ಜೊತೆಗಿರಲಿ. ಬೆರಳಿಗೆ ಚುಚ್ಚಿದಾಗ ಬರುವ ಮೊದಲ ಹನಿಯನ್ನು ಒರೆಸಿ, ಮುಂದಿನದನ್ನು ಪರೀಕ್ಷೆಗೆ ತೆಗೆದುಕೊಳ್ಳಬೇಕು. ಬೆರಳನ್ನು ಹಿಂಡಿದರೆ ರಕ್ತಕ್ಕೆ ಅಂಗಾಂಶದ ನೀರು ಬೆರೆತು ಅಂಕಿ ತಪ್ಪುತ್ತದೆ. ‘ಪರವಾಗಿಲ್ಲ, ಚೆನ್ನಾಗಿದೆ’ ಎಂಬ ಮಾತಿಗೆ ಎದ್ದು ಬರಬೇಡಿ. ಅಂಕಿಯನ್ನು ದಿನಾಂಕದ ಸಮೇತ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ.

ಎರಡರಿಂದ ಐದು ವರ್ಷದೊಳಗಿನವರಿಗೆ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಆರು ತಿಂಗಳಿಂದ ಎರಡು ವರ್ಷದೊಳಗಿನವರಿಗೆ ಈ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ 10.5ಕ್ಕೆ ಇಳಿಸಿದೆ; ಇಬ್ಬರು ವೈದ್ಯರು ಬೇರೆ ಬೇರೆ ಅಂಕಿ ಹೇಳಿದರೆ ಗಾಬರಿ ಬೇಡ. 7ಕ್ಕಿಂತ ಕಡಿಮೆ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣಾಂಶದ ದಾಸ್ತಾನು ಖಾಲಿಯಾಗಿರಬಹುದು. ಅದನ್ನು ತಿಳಿಯಲು ಫೆರಿಟಿನ್ ಪರೀಕ್ಷೆ ಇದೆ. ಜ್ವರವಿದ್ದಾಗ ಅದರ ಮಟ್ಟ ಏರುವುದರಿಂದ ಗುಣವಾದ ಮೇಲೆ ಮಾಡಿಸುವುದು ಒಳ್ಳೆಯದು.

ಅನೀಮಿಯಾ ಮುಕ್ತ ಭಾರತ ಯೋಜನೆಯಡಿ ವಾರಕ್ಕೆ ಎರಡು ಬಾರಿ ಕೊಡುವ 1 ಮಿ.ಲೀ. ಕಬ್ಬಿಣಾಂಶದ ಸಿರಪ್ ಕೊರತೆ ಬಾರದಂತೆ ತಡೆಯಲು. ರಕ್ತಹೀನತೆ ಇದೆ ಎಂದು ಗೊತ್ತಾದರೆ ಅಷ್ಟು ಸಾಲದು. ತೂಕ ನೋಡಿ ದಿನದ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಅದನ್ನು ಹಾಲು, ಚಹಾದ ಜೊತೆ ಕೊಡಬೇಡಿ. ಮಲ ಕಪ್ಪಾದರೆ ಹೆದರಿ ನಿಲ್ಲಿಸಬೇಡಿ, ಅದು ಸಹಜ.

ತಿಂಗಳ ಬಳಿಕ ಮತ್ತೆ ಪರೀಕ್ಷೆ ಮಾಡಿಸಿ. ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರಿದ್ದರೆ ಔಷಧಿ ಕೆಲಸ ಮಾಡುತ್ತಿದೆ. ಆದರೂ ದಾಸ್ತಾನು ತುಂಬಲು ಇನ್ನೂ ಎರಡು ಮೂರು ತಿಂಗಳು ಬೇಕಾಗುತ್ತದೆ. ತಪ್ಪದೆ ಕೊಟ್ಟರೂ ಏರದಿದ್ದರೆ ಜಂತುಹುಳು, ಥಲಸ್ಸೇಮಿಯಾದಂಥ ಕಾರಣಗಳನ್ನು ಹುಡುಕಲು ವೈದ್ಯರನ್ನು ಕೇಳಿ. ಸಿರಪ್ ಬಾಟಲಿ ಮಕ್ಕಳ ಕೈಗೆ ಎಟುಕದ ಕಡೆ ಇರಲಿ: ಒಮ್ಮೆಲೇ ಹೆಚ್ಚು ಕುಡಿದರೆ ಜೀವಕ್ಕೇ ಅಪಾಯ.